ಒಂದು ಮೈ ನೆನೆದ ಗಾಜು

ಸಕ್ಕರೆಯಲ್ಲಿ ಗಾಜು ಮಾಡುತ್ತಾರೆ ಎಂದರೆ ಮೊದಲ ಸಲ ಕೇಳಿದವರು ನಕ್ಕುಬಿಡುತ್ತಾರೆ. ಪಾಕದಕ್ಕನಿಗೆ ಆ ನಗು ರೂಢಿಯಾಗಿತ್ತು. ಹನ್ನೆರಡು ವರ್ಷ ಪೆಪ್ಪರಮೆಂಟು ಕಾರ್ಖಾನೆಯಲ್ಲಿ, ಅದಾದ ಮೇಲೆ ಹದಿನಾರು ವರ್ಷ ನಾಟಕ ಮಂದಿರದ ಸಾಮಾನು ಕೋಣೆಯಲ್ಲಿ ಅವಳು ಕಾಯಿಸಿದ್ದು ಸಕ್ಕರೆಯನ್ನೇ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಾಯಿ ಮಾತಿಗೆ ಎಲ್ಲರಿಗೂ ಅವಳು ಪಾಕದಕ್ಕ.

ಕೆಲಸ ಹೀಗೆ. ಸಕ್ಕರೆಗೆ ನೀರು ಹಾಕಿ, ಒಂದು ಚಮಚ ನಿಂಬೆರಸ ಹಿಂಡಿ ಒಲೆಯ ಮೇಲಿಡಬೇಕು. ನಿಂಬೆ ಹಾಕದಿದ್ದರೆ ಸಕ್ಕರೆ ಮತ್ತೆ ಹರಳುಗಟ್ಟಿ ಗಾಜು ಮಂಜು ಮಂಜಾಗುತ್ತದೆ. ನೀರೆಲ್ಲ ಕುದಿದು ಹೋಗಿ, ಪಾಕದಲ್ಲಿ ಅದ್ದಿದ ಉಷ್ಣಮಾಪಕ ನೂರೈವತ್ತು ತೋರಿಸಿದ ಕೂಡಲೆ ಇಳಿಸಿ, ಎಣ್ಣೆ ಸವರಿದ ಅಗಲವಾದ ತಗಡಿನ ತಟ್ಟೆಗೆ ನಡುವೆ ಎಲ್ಲೂ ನಿಲ್ಲಿಸದೆ ಸುರಿಯಬೇಕು. ಆರಿದ ಮೇಲೆ ಅದು ಗಾಜು. ಕಿಟಕಿಯ ಚೌಕಟ್ಟಿಗೆ ಕೂರಿಸಿದರೆ ಮುಂದಿನ ಸಾಲಿನಲ್ಲಿ ಕೂತವರೂ ಮೋಸ ಹೋಗುತ್ತಾರೆ. ಬಡಿದರೆ ಫಳಾರನೆ ಒಡೆಯುತ್ತದೆ, ಆದರೆ ಮೈ ಸೀಳುವುದಿಲ್ಲ.

ಆ ದಿನಗಳಲ್ಲಿ ಮಂದಿರದಲ್ಲಿ ಆಡುತ್ತಿದ್ದ ನಾಟಕದಲ್ಲಿ ಒಬ್ಬ ಕಳ್ಳನಿದ್ದ. ಎರಡನೇ ಅಂಕದ ಕೊನೆಗೆ ಅವನು ಮುಚ್ಚಿದ ಕಿಟಕಿಯ ಗಾಜನ್ನು ಒಡೆದುಕೊಂಡು ಹಾರಿ ತಪ್ಪಿಸಿಕೊಳ್ಳುತ್ತಿದ್ದ. ಆ ಕಳ್ಳ ಪಾಕದಕ್ಕನ ಸ್ವಂತ ತಮ್ಮ.

ತಮ್ಮ ಎಂದರೆ ಬರೀ ತಮ್ಮನಲ್ಲ. ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿನಾರು. ಅವನಿಗೆ ತಲೆ ಬಾಚಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜ್ವರ ಬಂದಾಗ ಎದೆಯ ಮೇಲೆ ಹಾಕಿಕೊಂಡು ಕೂತಿದ್ದು ಎಲ್ಲ ಇವಳೇ. ತನ್ನ ಮದುವೆಯ ಮಾತನ್ನು ನಾಳೆ ನಾಡಿದ್ದು ಎಂದು ಮುಂದೂಡುತ್ತ ಹೋದಳು, ಕೊನೆಗೆ ಕೇಳುವವರೇ ಕೇಳುವುದನ್ನು ಬಿಟ್ಟರು. ಅವನೋ, ನಡೆದು ಹೋಗಬಹುದಾದ ಕಡೆಗೂ ಹಾರಿಕೊಂಡು ಹೋಗುವ ಜಾತಿ. ಮಂದಿರದಲ್ಲಿ ಅವನಿಗೆ ಜಿಂಕೆ ಎಂದೇ ಹೆಸರು ಬಿತ್ತು. ಕೆಲಸ ಕೊಡಿಸಿದವಳು ಅಕ್ಕ. ನೀನು ಮಾಡು, ನಾನು ಒಡೀತೀನಿ, ಎಷ್ಟು ಚೆನ್ನಾಗಿ ಹೊಂದಿದೆ ನೋಡು ನಮ್ಮ ಸಂಸಾರ ಎಂದು ಅವನು ಎಲ್ಲರೆದುರು ಅವಳನ್ನು ಛೇಡಿಸುತ್ತಿದ್ದ. ಅವನ ಹೆಂಡತಿ ಅದೇ ಮಂದಿರದಲ್ಲಿ ಉಡುಪು ಹೊಲಿಯುವ ದರ್ಜಿ. ಅವರಿಗೊಬ್ಬಳು ಮಗಳು. ಎಷ್ಟು ತಿನ್ನಿಸಿದರೂ ಮೈಗೆ ಹತ್ತದ ಒಂಬತ್ತು ವರ್ಷದ ಹುಡುಗಿ. ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು.

ಪಾಕದಕ್ಕ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಪ್ರತಿ ಸಲ ಗಾಜು ಸುರಿಯುವಾಗ ಅದೇ ಪಾಕದಲ್ಲಿ ಅಂಗೈಯಗಲದ ಒಂದು ಬಿಲ್ಲೆಯನ್ನೂ ಸುರಿಯುತ್ತಿದ್ದಳು. ಆಟ ಶುರುವಾಗುವ ಅರ್ಧ ಗಂಟೆ ಮೊದಲು ಚಮಚದ ಹಿಂಬದಿಯಿಂದ ಆ ಬಿಲ್ಲೆಗೆ ಟಣ್ಣೆಂದು ಹೊಡೆಯುವುದು. ಅದು ಚೂರು ಚೂರಾದರೆ ಕಿಟಕಿಯ ಗಾಜೂ ಸರಿಯಾಗಿದೆ ಎಂದು ಅರ್ಥ. ಬಾಗಿದರೆ, ಮೆತ್ತಗೆ ಸೀಳಿದರೆ, ಅವತ್ತು ಹಾರುವುದಿಲ್ಲ. ಕಳ್ಳ ಬಾಗಿಲಿನಿಂದ ಓಡುತ್ತಾನೆ. ಹದಿನಾರು ವರ್ಷದಲ್ಲಿ ಕಳ್ಳರು, ಕುಡುಕರು, ಸಿಪಾಯಿಗಳು ಎಷ್ಟೋ ಜನ ಅವಳ ಗಾಜಿನಿಂದ ಹಾರಿದ್ದರು. ಒಬ್ಬರಿಗೂ ಗೀರು ಬಿದ್ದಿರಲಿಲ್ಲ.

ಮೊದಲೆಲ್ಲ ಆ ಬಿಲ್ಲೆಯನ್ನು ಕಿಟಕಿಯ ಚೌಕಟ್ಟಿಗೇ ದಾರ ಕಟ್ಟಿ ತೂಗುಹಾಕುತ್ತಿದ್ದಳು. ಕಡ್ಡಿ ಶಾಲೆ ಮುಗಿಸಿಕೊಂಡು ಮಂದಿರಕ್ಕೆ ಬರತೊಡಗಿದ ಮೇಲೆ ಒಡೆದ ಚೂರೆಲ್ಲ ಅವಳ ಪಾಲಾಯಿತು. ಒಂದು ದಿನ ಬಿಲ್ಲೆಗೆ ಇರುವೆ ಹತ್ತಿತ್ತು. ಹುಡುಗಿ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದು ರಂಪ ಮಾಡಿದಳು. ಅಂದಿನಿಂದ ಪಾಕದಕ್ಕ ಬಿಲ್ಲೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹಸಿ ಹೀರುವ ಪುಟ್ಟ ಪುಡಿಕೆಗಳ ಜೊತೆ ಇಡತೊಡಗಿದಳು. ಅಷ್ಟೇ ಬದಲಾವಣೆ. ಅದೊಂದು ಬದಲಾವಣೆ ಎಂದು ಅವಳಿಗೆ ಅನ್ನಿಸಲೂ ಇಲ್ಲ.

ಆ ವಾರ ಹೊಸ ಮೂಟೆಯ ಸಕ್ಕರೆ. ಎರಡು ದಿನ ಗಾಜು ಮಬ್ಬಾಗಿ ಬಂತು. ಇದು ಕಿಟಕಿಯೋ ಬಚ್ಚಲಮನೆ ಗಾಜೋ, ಕಳ್ಳ ಒಳಗೆ ಸ್ನಾನ ಮಾಡ್ತಿದಾನೆ ಅಂತ ಜನ ಅಂದ್ಕೊಳ್ತಾರೆ ಎಂದು ಮ್ಯಾನೇಜರು ನಗೆಯಾಡಿದರು. ನಗೆಯೇ ಆದರೂ ಪಾಕದಕ್ಕನಿಗೆ ಮುಳ್ಳಿನಂತೆ ಚುಚ್ಚಿತು. ಮೂರನೇ ದಿನ ಅವಳು ಒಂದು ಚಮಚದ ಬದಲು ಎರಡು ಚಮಚ ನಿಂಬೆರಸ ಹಾಕಿದಳು. ಗಾಜು ಹೇಗೆ ಬಂತೆಂದರೆ, ಚೌಕಟ್ಟಿನಲ್ಲಿ ಗಾಜಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು. ರಂಗದ ಹಿಂದಿನ ಓಣಿಯಲ್ಲಿ ಅದನ್ನು ನಿಲ್ಲಿಸಿ, ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ಕನ್ನು ಸರಿಸಿ ತಮ್ಮನನ್ನು ಕರೆದು ತೋರಿಸಿದಳು. ಅವನು ಒಂದು ಕಣ್ಣು ಮುಚ್ಚಿ ನೋಡಿದ, ಮತ್ತೊಂದು ಕಣ್ಣು ಮುಚ್ಚಿ ನೋಡಿದ. "ಅಕ್ಕ, ಇದನ್ನ ಒಡೆಯೋಕೆ ಮನಸ್ಸು ಬರಲ್ಲ ಕಣೇ" ಎಂದ. ಆ ಮಾತಿನ ಸಂತೋಷದಲ್ಲಿ ಅವಳು ಪ್ಲಾಸ್ಟಿಕ್ಕನ್ನು ಮತ್ತೆ ಹೊದಿಸಲಿಲ್ಲ.

ಅವತ್ತು ಉಡುಪಿನ ಕೋಣೆಗೆ ಬಣ್ಣ ಹೊಡೆಯುತ್ತಿದ್ದರು. ಹಾಗಾಗಿ ಅವನ ಹೆಂಡತಿ ಇಸ್ತ್ರಿ ಮೇಜನ್ನು ಅದೇ ಓಣಿಗೆ ತಂದುಕೊಂಡಿದ್ದಳು. ಎಲ್ಲರ ಬಟ್ಟೆಯಾದ ಮೇಲೆ ಕೊನೆಗೆ ಗಂಡನ ಬಿಳಿ ಶರಟು. ಅದರ ಕಾಲರು ಮಡಿಕೆ ಬೀಳದೆ ನಿಲ್ಲಬೇಕೆಂದು ಅವಳಿಗೆ ಹಟ. ಅವನು ಬಿಸಿ ಬಿಸಿ ಶರಟನ್ನೇ ಹಾಕಿಕೊಂಡು, ಚಳಿಗಾಲಕ್ಕೂ ಹೀಗೇ ಮಾಡಿಕೊಡು ಮಾರಾಯ್ತಿ ಎಂದು ಹೇಳಿ ರಂಗಕ್ಕೆ ಹೋದ. ಪಾಕದಕ್ಕ ಡಬ್ಬಿ ತೆರೆದು ಬಿಲ್ಲೆಗೆ ಹೊಡೆದಳು. ಬಿಲ್ಲೆ ಗಂಟೆಯ ಹಾಗೆ ದನಿ ಮಾಡಿ ಪುಡಿಯಾಯಿತು. ಕಡ್ಡಿ ಚೂರುಗಳನ್ನು ಬಾಚಿಕೊಂಡಳು.

ಎರಡನೇ ಅಂಕದ ಕೊನೆಗೆ ಅವನು ಓಡಿಬಂದು ಹಾರಿದ. ಗಾಜು ಒಡೆಯಲಿಲ್ಲ. ತೊಗಲಿನ ಹಾಗೆ ಹೊಟ್ಟೆ ಉಬ್ಬಿಸಿ, ಅವನನ್ನು ಒಂದು ಕ್ಷಣ ಹಿಡಿದುಕೊಂಡು, ಆಮೇಲೆ ಸೀಳಿತು. ಒಂದು ಕ್ಷಣ ಎಂದರೆ ಕಣ್ಣು ಮಿಟುಕಿಸುವಷ್ಟು. ಆದರೆ ಹಾಸಿಗೆ ಹಾಕಿದ್ದು ಅವನು ಎಂದಿನಂತೆ ಹಾರಿದರೆ ಬೀಳುವ ಜಾಗದಲ್ಲಿ, ಆರು ಅಡಿ ಆಚೆಗೆ. ವೇಗ ಸತ್ತ ಅವನು ನೇರ ಕೆಳಗೆ ಬಿದ್ದ. ತಲೆ ರಂಗದ ಮರದ ಅಟ್ಟದ ಅಂಚಿಗೆ ಬಡಿಯಿತು. ಪ್ರೇಕ್ಷಕರು ಅಂಕದ ಕೊನೆ ಎಂದು ಚಪ್ಪಾಳೆ ತಟ್ಟಿದರು. ಮೂರನೇ ದಿನ ಆಸ್ಪತ್ರೆಯಲ್ಲಿ ಅವನು ಹೋಗಿಬಿಟ್ಟ.

ವಿಚಾರಣೆ ನಡೆಯಿತು. ಬಂದವರು ಹಾಸಿಗೆ ಅಳೆದರು, ಅಟ್ಟ ಅಳೆದರು, ಪಾಕದಕ್ಕನನ್ನು ಎರಡು ಸಲ ಕೂರಿಸಿ ಕೇಳಿದರು. ಬಿಲ್ಲೆ ಒಡೆಯಿತೇ? ಒಡೆಯಿತು. ಅದೇ ಪಾಕವೇ? ಅದೇ ಪಾಕ. ಕೊನೆಗೆ ಕಾಗದದ ಮೇಲೆ ಒಂದೇ ಪದ ಬರೆದರು: ಆಕಸ್ಮಿಕ. ನಿಂಬೆರಸದ ಬಗ್ಗೆ ಅವರು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಲೆಕ್ಕಕ್ಕೆ ಬರುವ ವಿಷಯ ಎಂದು ಆಗ ಹೊಳೆಯಲೇ ಇಲ್ಲ. ಹೊಳೆದ ಮೇಲೆ ನಿದ್ದೆ ಹಾರಿಹೋಯಿತು.

ಚೌಕಟ್ಟಿನ ಮೂಲೆಯಲ್ಲಿ ಆ ಗಾಜಿನ ಒಂದು ತುಂಡು ಉಳಿದುಕೊಂಡಿತ್ತು. ಅವನು ಬಿದ್ದ ಮಾರನೇ ದಿನ ಬೆಳಗ್ಗೆ ಅವಳು ಅದನ್ನು ಬಿಡಿಸಿಕೊಂಡು ಡಬ್ಬಿಗೆ ಹಾಕಿಟ್ಟಳು. ಹಾರುವಾಗ ಅವನ ಮೈ ತಾಗಿದ ವಸ್ತು ಅದು, ಅಷ್ಟೇ.

ತಮ್ಮನ ಹೆಂಡತಿ ಮಂದಿರದ ಕೆಲಸ ಬಿಟ್ಟು ಮನೆಯಲ್ಲೇ ಹೊಲಿಗೆ ಹಾಕತೊಡಗಿದಳು. ಸತ್ತ ಮನೆಗೆ ಬಂದವರೆಲ್ಲ ಗೋಳಾಡಿದರೂ ಅವಳ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಗಟ್ಟಿ ಹೆಂಗಸು ಎಂದು ಕೆಲವರು, ಕಲ್ಲು ಎಂದು ಕೆಲವರು ಆಡಿಕೊಂಡರು. ಕಡ್ಡಿಯನ್ನು ಮಾತ್ರ ಭಾನುವಾರ ತಪ್ಪದೆ ಅತ್ತೆಯ ಮನೆಗೆ ಕಳಿಸುತ್ತಿದ್ದಳು. ಆ ಭಾನುವಾರಗಳೇ ಪಾಕದಕ್ಕನನ್ನು ಜೀವದಿಂದ ಇಟ್ಟಿದ್ದು. ಹುಡುಗಿ ಬಂದು ಇಡೀ ಮನೆಯನ್ನು ತಲೆಕೆಳಗು ಮಾಡುತ್ತಿದ್ದಳು. ಮಂಚದಿಂದ ನೆಲಕ್ಕೆ ಧುಮುಕುವುದು ಅಪ್ಪನಿಂದ ಬಂದ ಬುದ್ಧಿ. ಅವಳು ಧುಮುಕಿದಾಗಲೆಲ್ಲ ಅತ್ತೆಯ ಎದೆ ಧಸಕ್ಕೆನ್ನುತ್ತಿತ್ತು, ಆದರೂ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಹನ್ನೊಂದು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಮ್ಮನ ಹೆಂಡತಿ ಸಾಮಾನು ಕೋಣೆಗೆ ಬಂದಳು. ಸೊರಗಿ ಅರ್ಧವಾಗಿದ್ದಳು. ಕೂರು ಎಂದರೆ ಕೂರಲಿಲ್ಲ. ಒಲೆಯ ಮೇಲಿದ್ದ ಖಾಲಿ ಪಾತ್ರೆಯನ್ನೇ ನೋಡುತ್ತ ನಿಂತಳು.

"ಅತ್ತಿಗೆ, ನನಗೊಂದು ಕೆಲಸ ಮಾಡಿಕೊಡಿ" ಎಂದಳು. "ಎಲ್ಲರೂ ಆಕಸ್ಮಿಕ ಅಂತಾರೆ. ಆಕಸ್ಮಿಕದ ಮೇಲೆ ನಾನು ಹೇಗೆ ಸಿಟ್ಟು ಮಾಡ್ಕೊಳ್ಳಲಿ? ಅದಕ್ಕೆ ಮುಖ ಇಲ್ಲ, ಮೂತಿ ಇಲ್ಲ. ಅದು ಯಾಕೆ ಒಡೀಲಿಲ್ಲ ಅಂತ ಕಂಡುಹಿಡೀರಿ. ನಿಮ್ಮ ಕೈ ತಪ್ಪಾಗಿದ್ರೆ ನಿಮ್ಮದು ಅನ್ನಿ. ಬೇರೆ ಯಾರದ್ದಾದ್ರೂ ಆಗಿದ್ರೆ ಅವರದ್ದು ಅನ್ನಿ. ಯಾರದ್ದು ಅಂತ ಗೊತ್ತಾಗದೆ ನನಗೆ ಅಳೋಕೂ ಆಗ್ತಿಲ್ಲ."

ಪಾಕದಕ್ಕ ಆಗಲಿ ಎಂದಳು. ಬೇರೆ ಏನು ಹೇಳಲು ಸಾಧ್ಯ? ತಪ್ಪು ತನ್ನದಲ್ಲ ಎಂದು ಯಾರಾದರೂ ಹೇಳಲಿ ಎಂದು ಹನ್ನೊಂದು ತಿಂಗಳಿಂದ ಅವಳ ಜೀವವೂ ಬಾಯಿ ತೆರೆದುಕೊಂಡು ಕೂತಿತ್ತು.

ಹಳೆಯ ಪೆಪ್ಪರಮೆಂಟು ಕಾರ್ಖಾನೆಯಲ್ಲಿ ಪರೀಕ್ಷಾ ಕೋಣೆ ಎಂದು ಒಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಾಕದಕ್ಕನ ಬಾಣಲೆಯ ಹತ್ತಿರ ನಿಂತು ಪಾಕ ನೋಡಲು ಕಲಿತವಳು. ಈಗ ಎಲ್ಲರಿಗೂ ಮೇಡಂ. ಪಾಕದಕ್ಕ ಡಬ್ಬಿ ಹಿಡಿದುಕೊಂಡು ಹೋದಳು. ಎರಡು ಚಮಚ ನಿಂಬೆರಸದಿಂದ ಹಿಡಿದು ಬಿಲ್ಲೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಮೇಡಂ ಆ ತುಂಡಿನ ಒಂದು ಚೂರನ್ನು ಕರಗಿಸಿ ಯಂತ್ರಕ್ಕೆ ಕೊಟ್ಟು, ನಾಳಿದ್ದು ಬನ್ನಿ ಅಕ್ಕ ಎಂದಳು.

ನಾಳಿದ್ದು ಹೋದಾಗ ಸೂಕ್ಷ್ಮದರ್ಶಕದ ಪಕ್ಕದಲ್ಲಿ ಎರಡು ಸ್ಟೂಲು ಹಾಕಿದ್ದರು. ಮೇಡಂ ಅವಸರ ಮಾಡಲಿಲ್ಲ. ಗಾಜು ಎಂದರೆ ಗಟ್ಟಿ ಎಂದು ನಾವು ತಿಳಿದುಕೊಂಡಿದ್ದೇವೆ, ಅದು ಹಾಗಲ್ಲ, ನಿಂತುಹೋದ ಪಾಕ ಅಷ್ಟೇ ಎಂದು ಶುರುಮಾಡಿದಳು.

"ಕಿಕ್ಕಿರಿದ ಬಸ್ಸು ನೆನೆಸ್ಕೊಳ್ಳಿ ಅಕ್ಕ. ಯಾರೂ ಸಾಲಾಗಿ ನಿಂತಿಲ್ಲ, ಎಲ್ಲಿ ಸಿಕ್ಕಿಹಾಕ್ಕೊಂಡ್ರೋ ಅಲ್ಲೇ ನಿಂತಿದಾರೆ. ಕೈ ಎತ್ತೋಕೂ ಜಾಗ ಇಲ್ಲ. ಆದ್ರೂ ಹೊತ್ತು ಹೋದ ಹಾಗೆ ಒಬ್ಬರು ಭುಜ ಸರಿಸ್ತಾರೆ, ಇನ್ನೊಬ್ಬರು ಕಾಲು ಬದಲಾಯಿಸ್ತಾರೆ. ಗಾಜಿನ ಒಳಗೂ ಹಾಗೇ ಸ್ವಲ್ಪ ಸ್ವಲ್ಪ ಸಡಿಲ ಆಗ್ತಾ ಇರುತ್ತೆ. ಒಣಗಿದ್ರೆ ಅದಕ್ಕೆ ವರ್ಷಗಟ್ಟಲೆ ಬೇಕು. ನೀರು ಹೊಕ್ಕರೆ ಗಂಟೆಗಳು ಸಾಕು."

ನೀರಿನ ಕಣ ಬಹಳ ಚಿಕ್ಕದಂತೆ. ಸಕ್ಕರೆಯ ಕಣಗಳು ಒಂದರ ಕೈ ಒಂದು ಹಿಡಿದು ನಿಂತಿರುವಾಗ ಅದು ನಡುವೆ ನುಸುಳಿ, ಹಿಡಿದ ಕೈ ಬಿಡಿಸಿ, ತನ್ನ ಕೈ ಕೊಡುತ್ತದೆ. ಹಾಗೆ ಕೈ ಬಿಟ್ಟ ಕಡೆಯೆಲ್ಲ ಗಾಜು ಜಾರತೊಡಗುತ್ತದೆ. ಇನ್ನು ಸಕ್ಕರೆ ಎನ್ನುವುದು ಎರಡು ತುಂಡು ಸೇರಿದ ಜೋಡಿ. ಜೋಡಿ ಇರುವ ತನಕ ಭಾರ, ಅಲುಗಾಡುವುದು ಕಷ್ಟ. ಹುಳಿ ಹಾಕಿ ಕುದಿಸಿದರೆ ಜೋಡಿ ಮುರಿದು ಒಂಟಿಗಳಾಗುತ್ತವೆ. ಒಂಟಿಗಳಿಗೆ ಭಾರ ಕಡಿಮೆ, ಹರಿದಾಟ ಹೆಚ್ಚು, ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುವ ಆಸೆಯೂ ಹೆಚ್ಚು. ಪಾಕದಕ್ಕ ಇಪ್ಪತ್ತೆಂಟು ವರ್ಷ ಕೈಯಲ್ಲಿ ಮಾಡಿದ್ದನ್ನು ಈಗ ಮೊದಲ ಸಲ ಕಿವಿಯಲ್ಲಿ ಕೇಳುತ್ತಿದ್ದಳು.

"ನನ್ನ ಗಾಜಲ್ಲಿ ಒಂಟಿಗಳು ಜಾಸ್ತಿ ಇದ್ವಾ?"

"ಇದ್ವು. ಇರಬೇಕಾದ್ದಕ್ಕಿಂತ ಜಾಸ್ತಿ."

ಅವಳು ತಲೆ ತಗ್ಗಿಸಿದಳು. ಹುಳಿಗೆ ಅಷ್ಟು ಸುಲಭವಾಗಿ ಮುರಿಯದ ಇನ್ನೊಂದು ಜೋಡಿ ಸಕ್ಕರೆ ಇದೆ, ಔಷಧಗಳನ್ನು ಕೆಡದಂತೆ ಒಣಗಿಸಿಡಲು ಅದನ್ನು ಬಳಸುತ್ತಾರೆ ಎಂದು ಮೇಡಂ ಹೇಳುತ್ತಿದ್ದಳು. ಪಾಕದಕ್ಕ ಅದರ ಹೆಸರನ್ನೂ ಕೇಳಿದವಳಲ್ಲ. ಲೋಕದಲ್ಲಿ ಅಂಥದ್ದೊಂದು ಇತ್ತು, ತನಗೆ ಗೊತ್ತಿರಲಿಲ್ಲ ಎಂಬುದೂ ಹೊಸದೊಂದು ಕುಟುಕಾಯಿತು.

"ಆದ್ರೆ ಅಕ್ಕ, ಅದೊಂದೇ ಅಲ್ಲ. ಇಲ್ಲಿ ನೋಡಿ" ಎಂದು ಮೇಡಂ ಅವಳನ್ನು ಸೂಕ್ಷ್ಮದರ್ಶಕದತ್ತ ಬಗ್ಗಿಸಿದಳು. ತುಂಡನ್ನು ಅಡ್ಡಕ್ಕೆ ಕೊಯ್ದು ಇಟ್ಟಿದ್ದರು. ಒಂದು ಮೈ ನೀರಿನ ಹಾಗೆ ತಿಳಿ. ಇನ್ನೊಂದು ಮೈಯಲ್ಲಿ ಉಗುರಿನ ದಪ್ಪಕ್ಕೆ ಬೆಳ್ಳಗೆ ಹರಳು ಕಟ್ಟಿತ್ತು. ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗಿದ್ದ ಆ ಬಿಳಿಯನ್ನು ತುಂಡು ಬಿಡಿಸಿಕೊಂಡ ಬೆಳಗ್ಗೆಯೇ ಅವಳು ನೋಡಿದ್ದಳು, ಧೂಳು ಎಂದುಕೊಂಡಿದ್ದಳು.

ಮೇಡಂ ಬಿಡಿಸಿ ಹೇಳಿದಳು. ಹರಳು ಕಟ್ಟಬೇಕಾದರೆ ಕಣಗಳಿಗೆ ಅತ್ತಿತ್ತ ಸರಿಯಲು ಸಾಧ್ಯವಾಗಬೇಕು, ಸರಿಯಬೇಕಾದರೆ ನೀರು ಬೇಕು. ಅಂದರೆ ನೀರು ಈ ಒಂದು ಮೈಗೆ ಮಾತ್ರ ತಾಗಿದೆ. ಗಾಳಿಯ ತೇವವಾಗಿದ್ದರೆ ಎರಡೂ ಮೈ ನೆನೆಯಬೇಕಿತ್ತು. ಬಿಳಿಯಾದ ಮೈಯ ಮೂಲೆಯಲ್ಲಿ ಮೊಳೆಯಿಂದ ಗೀರಿದ, ಲೆಕ್ಕದ ಕೂಡಿಸುವ ಚಿಹ್ನೆಯಂಥ ಒಂದು ಸಣ್ಣ ಗುರುತು ಇತ್ತು. ಪ್ರತಿ ಗಾಜಿಗೂ ಪಾಕದಕ್ಕ ಹಾಕುತ್ತಿದ್ದ ಗುರುತು ಅದು. ಪ್ರೇಕ್ಷಕರ ಕಡೆಗೆ ಬರಬೇಕಾದ ಮೈ ಎಂದು ಅರ್ಥ. ಓಣಿಯಲ್ಲಿ ಆ ಮೈ ಯಾವ ಕಡೆಗೆ ನಿಂತಿತ್ತು ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ತಮ್ಮನಿಗೆ ತೋರಿಸಲೆಂದು ಅವಳೇ ಆ ಮೈಯನ್ನು ಹೊರಕ್ಕೆ ಮಾಡಿ ನಿಲ್ಲಿಸಿದ್ದಳು.

"ಹತ್ತಿರದಲ್ಲಿ ಹಬೆ ಬರೋದು ಏನಾದ್ರೂ ಇತ್ತಾ ಅಕ್ಕ? ಕೆಟಲ್ಲು, ಬಿಸಿನೀರು, ಅಂಥದ್ದು?"

"ಇರಲಿಲ್ಲ" ಎಂದಳು ಪಾಕದಕ್ಕ. ಮನಸ್ಸು ಇಸ್ತ್ರಿ ಮೇಜಿನ ಹತ್ತಿರ ಹೋಗಿ ನಿಲ್ಲುವ ಮೊದಲೇ ಬಾಯಿ ಆ ಮಾತನ್ನು ಆಡಿಬಿಟ್ಟಿತ್ತು. ಹಬೆಯ ಇಸ್ತ್ರಿ. ಬುಸ್ಸೆಂದು ಬಿಳಿ ಮೋಡ ಎದ್ದು ಓಣಿಯ ಉದ್ದಕ್ಕೂ ಹೋಗುತ್ತಿತ್ತು. ಎರಡು ಮಾರು ದೂರದಲ್ಲಿ ಗಾಜು, ಮುಸುಕು ಹಾಕದ ಗಾಜು. ಎರಡೂವರೆ ಗಂಟೆ ಹೊತ್ತು.

ಹುಳಿಯ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಹೇಳಲು ಬರುತ್ತದೆಯೇ ಎಂದು ಅವಳು ಕೇಳಿದಳು. ಬರುವುದಿಲ್ಲ ಎಂದಳು ಮೇಡಂ. ಹುಳಿ ಒಂದೇ ಆಗಿದ್ದರೆ ಒಡೆಯುತ್ತಿತ್ತೋ ಏನೋ. ನೀರು ಒಂದೇ ಆಗಿದ್ದರೂ ಒಡೆಯುತ್ತಿತ್ತೋ ಏನೋ. ಎರಡೂ ಸೇರಿದವು.

"ಮತ್ತೆ ಬಿಲ್ಲೆ ಒಡೀತಲ್ಲ ಮೇಡಂ? ಅದೇ ಪಾಕ. ನನ್ನ ಕೈಯಾರೆ ಹೊಡೆದೆ. ಗಂಟೆ ಹಾಗೆ ಒಡೀತು."

"ಬಿಲ್ಲೆ ಎಲ್ಲಿತ್ತು?"

"ಡಬ್ಬಿಯಲ್ಲಿ."

ಮೇಡಂ ಕನ್ನಡಕ ತೆಗೆದು ಒರೆಸಿದಳು. ಹೇಳಲೋ ಬೇಡವೋ ಎಂದು ಯೋಚಿಸಿ, ತನಗೆ ಕೆಲಸ ಕಲಿಸಿದವಳಿಗೆ ಸುಳ್ಳು ಹೇಳಬಾರದು ಎಂದೋ ಏನೋ, ಮೆಲ್ಲಗೆ ಹೇಳಿದಳು: "ನೀವು ಪರೀಕ್ಷೆ ಮಾಡಿದ್ದು ಡಬ್ಬೀನ, ಅಕ್ಕ. ಗಾಜನ್ನಲ್ಲ."

ಪಾಕದಕ್ಕ ಮನೆಗೆ ಬಸ್ಸಿನಲ್ಲಿ ಹೋಗಲಿಲ್ಲ. ನಡೆದಳು. ಅಂಗಡಿಗಳು, ಸೈಕಲ್ಲುಗಳು, ಮಹಡಿಯ ಮೇಲಿಂದ ಕಂಬಳಿ ಕೊಡವುತ್ತಿದ್ದ ಹೆಂಗಸರು, ಒಂದೂ ಕಣ್ಣಿಗೆ ಬೀಳಲಿಲ್ಲ. ಕೇಳಿಕೊಂಡು ಹೋದ ಉತ್ತರ ಸಿಕ್ಕಿತ್ತು. ತಪ್ಪು ಪೂರ್ತಿ ತನ್ನದಲ್ಲ. ಹನ್ನೊಂದು ತಿಂಗಳು ಯಾವ ಮಾತಿಗಾಗಿ ಬಾಯಿಬಿಟ್ಟುಕೊಂಡು ಕಾದಿದ್ದಳೋ ಆ ಮಾತು ಈಗ ಬೇಡವಾಗಿತ್ತು. ತಾನು ಗಾಜು ತಿಳಿಯಾಗಲಿ ಎಂದು ನಿಂಬೆ ಹಿಂಡಿದ್ದು, ಅವನು ನೋಡಲಿ ಎಂದು ಮುಸುಕು ತೆಗೆದಿದ್ದು, ಅವನ ಹೆಂಡತಿ ಕಾಲರು ನಿಲ್ಲಲಿ ಎಂದು ಇಸ್ತ್ರಿ ಒತ್ತಿದ್ದು. ಬಿಲ್ಲೆ ಚೌಕಟ್ಟಿನಲ್ಲೇ ತೂಗುತ್ತಿದ್ದರೆ ಅದೂ ಹಬೆ ಕುಡಿದು ಮೆತ್ತಗಾಗಿ, ಇವತ್ತು ಹಾರಬೇಡ ಎಂದು ಹೇಳುತ್ತಿತ್ತು. ಅದನ್ನು ಡಬ್ಬಿಗೆ ಸೇರಿಸಿದ್ದು ಕಡ್ಡಿಯ ಬಾಯಿಗೆ ಇರುವೆ ಹೋಗದಿರಲಿ ಎಂದು. ಇದನ್ನು ಯಾರ ಮುಂದೆ ಹೇಳುವುದು? ಹೇಳಿದರೆ ಆ ಹೆಂಗಸು ಮುಂದೆ ಯಾವ ಬಟ್ಟೆ ಮುಟ್ಟಬೇಕು, ಆ ಹುಡುಗಿ ಮುಂದೆ ಯಾವ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳಬೇಕು?

ಹೇಳದೆ ಇರುವುದಕ್ಕೂ ಆಗುತ್ತಿರಲಿಲ್ಲ. ಯಾರದ್ದು ಅಂತ ಗೊತ್ತಾಗದೆ ಅಳೋಕೂ ಆಗ್ತಿಲ್ಲ ಎಂದಿದ್ದಳಲ್ಲ. ಅವಳಿಗೆ ಒಂದು ಮುಖ ಬೇಕಿತ್ತು. ಎರಡು ದಿನ ಪಾಕದಕ್ಕ ಅನ್ನ ಮುಂದಿಟ್ಟುಕೊಂಡು, ಆರಿದ ಮೇಲೆ ಎತ್ತಿಟ್ಟಳು. ಮೂರನೇ ದಿನ, ಕಡ್ಡಿ ಶಾಲೆಗೆ ಹೋದ ಹೊತ್ತು ನೋಡಿಕೊಂಡು, ತಮ್ಮನ ಮನೆಯ ಮೂರು ಮಹಡಿ ಹತ್ತಿದಳು.

ತಮ್ಮನ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವಳ ಸುತ್ತ ಗಿರಾಕಿಗಳ ಬಟ್ಟೆ. ಹೊಲಿದು ಮುಗಿಸಿದ ಬಟ್ಟೆಗಳೂ ಸುಕ್ಕು ಸುಕ್ಕಾಗಿಯೇ ಮಡಿಚಿಟ್ಟಿದ್ದವು. ಇಸ್ತ್ರಿ ಮನೆಯಲ್ಲೆಲ್ಲೂ ಕಾಣಲಿಲ್ಲ. ಹೊಲಿಗೆಯ ಗೆರೆಯನ್ನು ಅವಳು ಕತ್ತರಿಯ ಹಿಡಿಯಿಂದ ಒತ್ತಿ ಒತ್ತಿ ಕೂರಿಸುತ್ತಿದ್ದಳು. ಪಾಕದಕ್ಕ ಅದನ್ನು ನೋಡಿದಳು. ನೋಡಿದ ಮೇಲೆ, ಏನು ಹೇಳುವುದೆಂದು ಉಳಿದಿದ್ದ ಅನುಮಾನವೂ ಹೋಯಿತು.

"ಗೊತ್ತಾಯ್ತಾ ಅತ್ತಿಗೆ?"

"ಗೊತ್ತಾಯ್ತು. ನಿಂಬೆರಸ. ನಾನು ಜಾಸ್ತಿ ಹಾಕಿದ್ದೆ. ಅದರಿಂದ ಗಾಜು ಮೆತ್ತಗಾಯ್ತು."

"ಎಷ್ಟು ಹಾಕಿದ್ರಿ?"

"ಎರಡು ಚಮಚ."

"ಹಾಕಬೇಕಾಗಿದ್ದು?"

"ಒಂದು."

ತಮ್ಮನ ಹೆಂಡತಿ ಕತ್ತರಿಯನ್ನು ಕೆಳಗಿಟ್ಟಳು.

"ಅಷ್ಟೇನಾ? ಬೇರೆ ಏನೂ ಅಲ್ವಾ? ಅವತ್ತು ನಾನು ಅಲ್ಲೇ ಇಸ್ತ್ರಿ ಮಾಡ್ತಿದ್ದೆ ಅತ್ತಿಗೆ. ಹಬೆ ಬರ್ತಿತ್ತು. ನಾನು ನೋಡ್ತಾನೇ ಇದ್ದೆ, ಗಾಜಿನ ಮೇಲೆ ಮಂಜು ಕೂತು ಕೂತು ಹೋಗ್ತಿತ್ತು. ಒರೆಸಲೋ ಅಂದ್ಕೊಂಡೆ. ನಿಮ್ಮ ಗಾಜು, ಗೀರು ಬಿದ್ರೆ ಬೈತೀರ ಅಂತ ಸುಮ್ಮನಾದೆ."

ಪಾಕದಕ್ಕನಿಗೆ ಕೂರಬೇಕೆನ್ನಿಸಿತು. ಕೂರಲಿಲ್ಲ. ಕೂತರೆ ನಿಜ ಬಾಯಿಂದ ಬಿದ್ದುಹೋಗುತ್ತದೆ ಎಂದು ಹೆದರಿದಳು.

"ಅದನ್ನೂ ಕೇಳಿದೆ ಕಣಮ್ಮ" ಎಂದಳು. "ಹಬೆಗೂ ಅದಕ್ಕೂ ಸಂಬಂಧ ಇಲ್ಲ ಅಂದ್ರು. ಅಷ್ಟು ದೂರದಿಂದ ಏನೂ ಆಗಲ್ವಂತೆ. ಮಿಷನ್ನಲ್ಲಿ ಹಾಕಿ ನೋಡಿದಾರೆ. ಹುಳಿಯದೇ ಕೆಲಸ. ನನ್ನ ಕೈಯದೇ."

ತಮ್ಮನ ಹೆಂಡತಿಯ ಮುಖ ಹೇಗೆ ಬದಲಾಯಿತು ಎಂದು ಬರೆಯುವುದು ಕಷ್ಟ. ವರ್ಷದಿಂದ ಬಿಗಿಹಿಡಿದಿದ್ದ ಭುಜಗಳು ಮೊದಲು ಇಳಿದವು. ಆಮೇಲೆ ಬೆನ್ನು. ಎರಡೂ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖ ಮಾಡಿಟ್ಟುಕೊಂಡು, ಈಗಷ್ಟೇ ಯಾರೋ ಹಿಂದಕ್ಕೆ ತಂದುಕೊಟ್ಟ ಸಾಮಾನಿನಂತೆ ಅವುಗಳನ್ನು ನೋಡಿದಳು. ಪಾಕದಕ್ಕ ಅಷ್ಟನ್ನು ನೋಡಿದಳು, ತೃಪ್ತಿಯಾಯಿತು. ಹಿಂದೆಯೇ ಬರಬೇಕಾದದ್ದು ಬಂತು.

"ಯಾಕೆ ಹಾಕಿದ್ರಿ? ಎರಡು ಚಮಚ ಯಾಕ್ರೀ ಹಾಕಿದ್ರಿ?"

"ಗಾಜು ಮಬ್ಬಾಗ್ತಿತ್ತು. ಚೆನ್ನಾಗಿ ಕಾಣಲಿ ಅಂತ."

"ಚೆನ್ನಾಗಿ ಕಾಣಲಿ ಅಂತ" ಎಂದು ಅವಳು ಅದೇ ಮಾತನ್ನು ತಿರುಗಿ ಹೇಳಿದಳು. "ಒಂದು ವರ್ಷ. ಒಂದು ವರ್ಷ ನಾನು ಈ ಕೈ ನೋಡ್ಕೊಂಡು ಕೂತಿದ್ದೆ. ನೀವು ಪ್ರತಿ ಭಾನುವಾರ ನನ್ನ ಮಗಳಿಗೆ ಜಡೆ ಹಾಕಿ ಕಳಿಸ್ತಿದ್ರಿ. ನಿಮಗೆ ಅವತ್ತೇ ಗೊತ್ತಿತ್ತಲ್ವಾ, ಜಾಸ್ತಿ ಹಾಕಿದ್ದೆ ಅಂತ? ಒಂದು ಮಾತು ಹೇಳಬಾರದಿತ್ತಾ?"

ಪಾಕದಕ್ಕ ಹೊಟ್ಟೆಗೆ ಹಾಕಿಕೋ ಎಂದು ಕೇಳಲು ನಾಲಿಗೆ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡಳು. ಕ್ಷಮಿಸಿಬಿಟ್ಟರೆ ಅವಳ ಸಿಟ್ಟಿಗೆ ಮತ್ತೆ ಮುಖವಿಲ್ಲದಂತಾಗುತ್ತದೆ.

"ಹೋಗಿ ಅತ್ತಿಗೆ. ನಿಮ್ಮ ಮುಖ ನೋಡೋಕೆ ನನ್ನಿಂದ ಆಗ್ತಿಲ್ಲ. ಭಾನುವಾರ ಅವಳನ್ನ ಕಳಿಸಲ್ಲ. ಇನ್ಮೇಲೆ ಕಳಿಸಲ್ಲ."

ಈ ಮಾತು ಬರುತ್ತದೆ ಎಂದು ಗೊತ್ತಿದ್ದೇ ಮೆಟ್ಟಿಲು ಹತ್ತಿದ್ದಳು. ಕಡ್ಡಿ ಏನೆಂದುಕೊಳ್ಳುತ್ತಾಳೋ, ಅತ್ತೆ ಯಾಕೆ ಕರೆಯುತ್ತಿಲ್ಲ ಎಂದು ಕೇಳಿದರೆ ಏನು ಹೇಳುತ್ತಾರೋ. ಅವಳಿಗೆ ಮಂಚದಿಂದ ಹಾರಬೇಡ ಎಂದು ಹೇಳಿಬಿಡಬೇಕಿತ್ತು.

"ಆಯ್ತಮ್ಮ" ಎಂದಳು. "ಹೊತ್ತು ಹೊತ್ತಿಗೆ ಊಟ ಮಾಡು." ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಬೆನ್ನ ಹಿಂದೆ ಚಿಲಕ ಬಿತ್ತು.

ಒಂದು ಮಹಡಿ ಇಳಿಯುವ ಹೊತ್ತಿಗೆ ಮೇಲಿನಿಂದ ಅಳು ಕೇಳಿತು. ಅದು ಸದ್ದಡಗಿಸಿಕೊಂಡ ಅಳುವಾಗಿರಲಿಲ್ಲ. ಹೆಣ ಮನೆಯಿಂದ ಹೊರಡುವಾಗ ಹೆಂಡತಿಯಾದವಳು ಅಳುವ ಅಳು, ಹನ್ನೊಂದು ತಿಂಗಳು ತಡವಾಗಿ ಬಂದದ್ದು. ಬಾಯಿಬಿಟ್ಟು, ಅವನ ಹೆಸರು ಹಿಡಿದು ಕರೆದು, ಉಸಿರು ಕಟ್ಟಿ, ಮತ್ತೆ ಕರೆದು ಅಳುತ್ತಿದ್ದಳು. ಪಾಕದಕ್ಕ ಕಟಕಟೆ ಹಿಡಿದು ನಿಂತಳು. ಓಡಿಹೋಗಿ ಅವಳ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆಂದು ಕಾಲುಗಳು ತಾವಾಗಿ ಮೇಲಕ್ಕೆ ತಿರುಗಿದವು. ಆ ಬಾಗಿಲು ತನಗೆ ತೆರೆಯುವುದಿಲ್ಲ ಎಂದು ನೆನಪಾಗಿ ಹಾಗೇ ನಿಂತುಬಿಟ್ಟಳು.

ಎರಡನೇ ಮಹಡಿಯ ಮನೆಯ ಬಾಗಿಲು ತೆರೆಯಿತು. ಹೊಸದಾಗಿ ಬಾಡಿಗೆಗೆ ಬಂದ ಹೆಂಗಸಿರಬೇಕು, ಕೈಯಲ್ಲಿ ಸೌಟು ಹಿಡಿದುಕೊಂಡೇ ಹೊರಗೆ ಬಂದು ಮೇಲಕ್ಕೆ ನೋಡಿ, ಇವಳನ್ನು ನೋಡಿ, ಏನಾಯ್ತಮ್ಮ, ಯಾಕೆ ಹಾಗೆ ಅಳ್ತಿದಾರೆ ಎಂದು ಗಾಬರಿಯಿಂದ ಕೇಳಿದಳು.

"ನನ್ನ ತಮ್ಮ ತೀರ್ಕೊಂಡ" ಎಂದಳು ಪಾಕದಕ್ಕ.

ಇಷ್ಟು ದಿನ ಆ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಕೊಂದ ಕೈಗೆ ಅಳುವ ಹಕ್ಕಿಲ್ಲ ಎಂದುಕೊಂಡಿದ್ದಳು.

"ಅಯ್ಯೋ ದೇವರೇ. ಯಾವಾಗಮ್ಮ?"

ಪಾಕದಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. ಆ ಗುರುತು ಪರಿಚಯವಿಲ್ಲದ ಹೆಂಗಸು ಸೌಟನ್ನು ಹೊಸಿಲ ಮೇಲಿಟ್ಟು ಪಕ್ಕದಲ್ಲಿ ಬಂದು ಕೂತು ಬೆನ್ನು ಸವರತೊಡಗಿದಳು. ಎಷ್ಟು ವಯಸ್ಸಾಗಿತ್ತಮ್ಮ ಎಂದು ಕೇಳಿದಳು, ಏನಾಗಿತ್ತು ಎಂದು ಕೇಳಿದಳು. ಮೇಲೆ ಒಬ್ಬಳು, ಕೆಳಗೆ ಒಬ್ಬಳು, ಒಂದೇ ಹೆಸರು ಹಿಡಿದು ಅಳುತ್ತಿದ್ದರು.